ಹೂಂಗುಟ್ಟುವ ಸದ್ದು ನಿಂತಾಗ

ರಾಮದುರ್ಗದಲ್ಲೋ ಅದರ ನೆರೆಯ ಸುರೇಬಾನದಲ್ಲೋ ಕೈಮಗ್ಗದ ಮುಂದೆ ಕುಳಿತ ನೇಕಾರನಿಗೆ ಎಳೆ ಕಡಿದದ್ದನ್ನು ಬೇರೆಯವರು ಬಂದು ಹೇಳಬೇಕಾಗಿಲ್ಲ. ಹಾಸಿನ ನೂರಾರು ಎಳೆಗಳಲ್ಲಿ ಒಂದೇ ಒಂದು ಸಡಿಲವಾದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಲಾಳಿಯ ಸದ್ದು ತುಸು ಬದಲಾದರೂ ಕಿವಿ ನಿಮಿರುತ್ತದೆ. ಯಂತ್ರದ ಮಗ್ಗಕ್ಕೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಆದರೂ ಸ್ವಯಂಚಾಲಿತ ಮಗ್ಗ ಎಳೆ ಕಡಿದೊಡನೆ ತಾನಾಗಿಯೇ ನಿಲ್ಲುತ್ತದೆ. ಅದರ ಗುಟ್ಟು ಬಹಳ ಸರಳ. ಹಾಸಿನ ಪ್ರತಿಯೊಂದು ಎಳೆಯ ಮೇಲೂ ಒಂದೊಂದು ತೆಳುವಾದ ಲೋಹದ ಪಟ್ಟಿಯನ್ನು ತೂಗುಬಿಟ್ಟಿರುತ್ತಾರೆ. ಎಳೆ ಬಿಗಿಯಾಗಿರುವವರೆಗೆ ಪಟ್ಟಿ ಮೇಲೆಯೇ ನಿಲ್ಲುತ್ತದೆ. ಎಳೆ ಕಡಿಯಿತೋ, ಪಟ್ಟಿ ಕೆಳಗೆ ಬೀಳುತ್ತದೆ. ಬಿದ್ದ ಪಟ್ಟಿ ವಿದ್ಯುತ್ ಮಂಡಲವನ್ನು ಕೂಡಿಸುತ್ತದೆ, ಮಗ್ಗ ನಿಲ್ಲುತ್ತದೆ. ಅಂದರೆ, ಕಡಿದ ಎಳೆಯೇ ತಾನು ಕಡಿದ ಸುದ್ದಿಯನ್ನೂ ಮುಟ್ಟಿಸುತ್ತದೆ.

ತಂತಿಯ ಮೇಲೆ ಮಾತನಾಡುತ್ತಿದ್ದ ಹಳೆಯ ಫೋನಿನದೂ ಹೆಚ್ಚುಕಡಿಮೆ ಇದೇ ನ್ಯಾಯ. ಎಕ್ಸ್‌ಚೇಂಜಿನಿಂದ ಮನೆಯವರೆಗೆ ಎರಡು ತಂತಿ, ಸುಮಾರು 48 ವೋಲ್ಟಿನ ನೇರ ವಿದ್ಯುತ್. ರಿಸೀವರ್ ಎತ್ತಿದರೆ ಮಂಡಲ ಕೂಡಿ ವಿದ್ಯುತ್ ಹರಿಯುತ್ತದೆ. ಕೆಳಗಿಟ್ಟರೆ ಹರಿವು ನಿಲ್ಲುತ್ತದೆ. ಯಾರು ಮಾತು ಮುಗಿಸಿದರು ಎಂಬುದು ಎಕ್ಸ್‌ಚೇಂಜಿಗೆ ಆ ಕ್ಷಣವೇ ತಿಳಿಯುತ್ತಿತ್ತು.

ಈಗಿನ ಮಕ್ಕಳ ಕೈಯಲ್ಲಿರುವ ಮೊಬೈಲ್ ಫೋನಿನಲ್ಲಿ ಪಾಠ, ಆಟ, ಸಿನಿಮಾ ಎಲ್ಲವೂ ಹೊಳೆಯಂತೆ ಹರಿದು ಬರುತ್ತವೆ. ಹೀಗೆ ಹರಿದು ಬರುವುದಕ್ಕೆ ಸ್ಟ್ರೀಮಿಂಗ್ ಎಂದೇ ಹೆಸರು. ಕಳಿಸುವ ದೊಡ್ಡ ಕಂಪ್ಯೂಟರಿಗೆ ಸರ್ವರ್ ಎನ್ನುತ್ತಾರೆ. ನೋಡುತ್ತಿದ್ದ ಹುಡುಗ ನಡುವೆಯೇ ಎದ್ದು ಹೋದರೆ, ಬ್ಯಾಟರಿ ಮುಗಿದು ಫೋನು ಕಣ್ಣು ಮುಚ್ಚಿದರೆ, ಎಲ್ಲೋ ದೂರದಲ್ಲಿರುವ ಸರ್ವರಿಗೆ ಅದು ಹೇಗೆ ಗೊತ್ತಾಗಬೇಕು? ಮಗ್ಗದಲ್ಲಿ ಆದಂತೆ ತಾನಾಗಿಯೇ ಗೊತ್ತಾಗುತ್ತದೆ ಎಂದು ಬಹುತೇಕರು ತಿಳಿದಿರುತ್ತಾರೆ. ಗೊತ್ತಾಗುವುದಿಲ್ಲ ಎಂಬುದೇ ಇಲ್ಲಿಯ ಸ್ವಾರಸ್ಯ.

ಕಾರಣವಿಷ್ಟೇ. ಇಂಟರ್ನೆಟ್ಟಿನಲ್ಲಿ ಈ ತುದಿಯಿಂದ ಆ ತುದಿಗೆ ಎಳೆದು ಕಟ್ಟಿದ ದಾರವಿಲ್ಲ. 1974ರಲ್ಲಿ ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬ ಇಬ್ಬರು ಅಮೆರಿಕನ್ನರು ಪ್ರಕಟಿಸಿದ ವಿಧಾನವೇ ಬೆಳೆದು, 1983ರ ಜನವರಿ 1ರಿಂದ ಅಲ್ಲಿಯ ಅರ್ಪಾನೆಟ್ ಜಾಲದಲ್ಲಿ ಬಳಕೆಗೆ ಬಂದು, ಮುಂದೆ ಜಗತ್ತಿಗೆಲ್ಲ ಹರಡಿತು. ಅದರಲ್ಲಿ ಹೇಳಬೇಕಾದುದನ್ನೆಲ್ಲ ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಕಟ್ಟಿ ಕಳಿಸುತ್ತಾರೆ. ಪ್ರತಿ ಪೊಟ್ಟಣವೂ ತನ್ನ ದಾರಿಯನ್ನು ತಾನೇ ಹಿಡಿದು ಹೋಗುತ್ತದೆ. ಹಾಗಾದರೆ ‘ಕನೆಕ್ಷನ್’ ಎಂಬುದು ಎಲ್ಲಿದೆ? ಎರಡು ತುದಿಯ ಯಂತ್ರಗಳ ನೆನಪಿನಲ್ಲಿ ಮಾತ್ರ. ಬೈಲಹೊಂಗಲ ಪೇಟೆಯ ವ್ಯಾಪಾರಿ ತನ್ನ ವಹಿಯಲ್ಲಿ ಒಬ್ಬ ರೈತನ ಹೆಸರಿಗೆ ಉದ್ರಿ ಬರೆದುಕೊಂಡಿದ್ದಾನೆ. ರೈತನೂ ತನ್ನ ಚೀಟಿಯಲ್ಲಿ ಬರೆದಿಟ್ಟಿದ್ದಾನೆ ಎನ್ನೋಣ. ಇವರಿಬ್ಬರ ಸಂಬಂಧವೆಲ್ಲ ಆ ಎರಡು ಬರಹಗಳಲ್ಲಿದೆ. ರೈತ ಊರು ಬಿಟ್ಟುಹೋದರೆ ವಹಿಯಲ್ಲಿಯ ಅಕ್ಷರ ತಾನಾಗಿ ಅಳಿಸಿಹೋಗುತ್ತದೆಯೇ? ಸರ್ವರಿನ ಸ್ಥಿತಿಯೂ ಅದೇ.

ಒಬ್ಬರು ಎದ್ದುಹೋಗುವ ರೀತಿ ಮೂರು. ಮೊದಲನೆಯದು ಮರ್ಯಾದೆಯದು. ನಮ್ಮ ಕಡೆ ಯಾರ ಮನೆಗೆ ಹೋದರೂ ಏಳುವಾಗ ‘ಬರ್ತೀನ್ರಿ’ ಎನ್ನದೆ ಹೊಸ್ತಿಲು ದಾಟುವುದಿಲ್ಲ. ಫೋನಿನಲ್ಲಿ ಪುಟವನ್ನು ಸರಿಯಾಗಿ ಮುಚ್ಚಿದರೆ ಅದೂ ಇಂಥದೇ ಒಂದು ವಿದಾಯದ ಪೊಟ್ಟಣವನ್ನು ಕಳಿಸುತ್ತದೆ. ಸರ್ವರು ಒಡನೆ ಲೆಕ್ಕ ಮುಗಿಸುತ್ತದೆ. ಎರಡನೆಯದು, ಫೋನು ಆರಿ ಮತ್ತೆ ಹತ್ತಿಕೊಂಡಾಗಿನದು. ಹಳೆಯ ಸಂಬಂಧ ಅದಕ್ಕೆ ಮರೆತೇಹೋಗಿರುತ್ತದೆ. ಸರ್ವರಿನಿಂದ ಬಂದ ಪೊಟ್ಟಣಕ್ಕೆ ಅದು, ‘ನೀವು ಯಾರೋ ನನಗೆ ಗೊತ್ತಿಲ್ಲ’ ಎಂದು ಉತ್ತರ ಕೊಡುತ್ತದೆ. ಒರಟಾದರೂ ಅದು ಉತ್ತರವೇ. ಮೂರನೆಯದೇ ಕಷ್ಟದ್ದು. ಬಸ್ಸು ಗುಡ್ಡದ ಮರೆಗೆ ಹೋಯಿತು, ಟವರಿನ ಕರೆಂಟು ಹೋಯಿತು, ಬ್ಯಾಟರಿ ಸತ್ತಿತು. ಇಲ್ಲಿ ವಿದಾಯವೂ ಇಲ್ಲ, ಬೈಗುಳವೂ ಇಲ್ಲ. ಬರೀ ಮೌನ.

ಸರ್ವರು ಏನನ್ನಾದರೂ ಕಳಿಸುತ್ತಿದ್ದರೆ ‘ಮುಟ್ಟಿತು’ ಎಂಬ ರಸೀದಿ ಬಾರದಿದ್ದಾಗ ಮತ್ತೆ ಕಳಿಸುತ್ತದೆ. ಆಗಲೂ ಬಾರದಿದ್ದರೆ ಕಾಯುವ ಹೊತ್ತನ್ನು ಇಮ್ಮಡಿ ಮಾಡುತ್ತ ಮತ್ತೆ ಮತ್ತೆ ಕಳಿಸುತ್ತದೆ. ಲಿನಕ್ಸ್ ಎಂಬ ಹೆಸರುವಾಸಿ ವ್ಯವಸ್ಥೆಯಲ್ಲಿ ಯಾರೂ ಕೈಯಾಡಿಸದಿದ್ದರೆ ಹೀಗೆ ಸುಮಾರು 15 ನಿಮಿಷ ಪ್ರಯತ್ನಿಸಿ ಕೈಬಿಡುತ್ತದೆ. ಏನನ್ನೂ ಕಳಿಸದೆ ಸುಮ್ಮನೆ ಕೇಳಿಸಿಕೊಳ್ಳುತ್ತ ಕುಳಿತ ಸರ್ವರಿಗಂತೂ ಎದುರಿನವನು ಹೋದದ್ದು ಎಂದೆಂದಿಗೂ ತಿಳಿಯದೇ ಹೋಗಬಹುದು. ಸಂಬಂಧ ಜೀವಂತವಾಗಿದೆಯೇ ಎಂದು ತಟ್ಟಿ ನೋಡುವ ಸೌಕರ್ಯವೊಂದಿದೆ, ನಿಜ. ಆದರೆ 1989ರಲ್ಲಿ ಬರೆದ ನಿಯಮದಂತೆ, ಬೇರೆ ಹೇಳದಿದ್ದರೆ, ಅದು ಕನಿಷ್ಠ 2 ಗಂಟೆ ಸುಮ್ಮನಿದ್ದು ಆಮೇಲೆ ತಟ್ಟಬೇಕು. ಎರಡು ಗಂಟೆಯೆಂದರೆ ಮೂರು ಪಿರಿಯಡ್ಡು ಮುಗಿದಿರುತ್ತವೆ!

‘ಹೋದರೆ ಹೋಗಲಿ, ಅದರಿಂದ ಆಗುವ ನಷ್ಟವೇನು?’ ಎಂದು ಕೇಳಬಹುದು. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ರೇಣುಕಾಸಾಗರಕ್ಕೆ 37.73 ಟಿಎಂಸಿ ಅಡಿ ನೀರು ಹಿಡಿಯುತ್ತದೆ. ಸಾಗರವೆಂಬ ಹೆಸರಿದ್ದರೂ ನೀರಿಗೆ ಲೆಕ್ಕವಿದೆ. ಹೊಲದಲ್ಲಿ ಮಡೆ ಕಟ್ಟುವವನಿಲ್ಲದಾಗ ಕಾಲುವೆಯ ನೀರು ಹರಿಯುತ್ತಲೇ ಇದ್ದರೆ ಅದು ಯಾರ ಬೆಳೆಗೂ ಇಲ್ಲ. ಸರ್ವರಿನ ನೆನಪಿಗೂ ಶಕ್ತಿಗೂ ಹಾಗೆಯೇ ಮಿತಿಯಿದೆ. ಎದ್ದುಹೋದವರ ಹೆಸರುಗಳನ್ನೆಲ್ಲ ಹೊತ್ತುಕೊಂಡು ಕುಳಿತರೆ ಹೊಸದಾಗಿ ಬಂದವರಿಗೆ ಜಾಗವಿಲ್ಲದಂತಾಗುತ್ತದೆ. ಪಾಠದ ಪಟ್ಟಿಯಲ್ಲಿ ಅರವತ್ತು ಹೆಸರು ಹೊಳೆಯುತ್ತವೆ, ಕೇಳುತ್ತಿರುವವರು ಮೂವತ್ತೇ ಆಗಿರುತ್ತಾರೆ.

ಈ ಸಮಸ್ಯೆಗೆ ಉಪಾಯವನ್ನು ನಮ್ಮ ಅಜ್ಜಿಯರು ಕಂಪ್ಯೂಟರು ಹುಟ್ಟುವ ಮೊದಲೇ ಕಂಡುಕೊಂಡಿದ್ದರು. ರಾತ್ರಿ ಅಂಗಳದಲ್ಲಿ ಕಂಬಳಿ ಹಾಸಿ ಮೊಮ್ಮಕ್ಕಳನ್ನು ಮಲಗಿಸಿಕೊಂಡು ಕಥೆ ಶುರು ಮಾಡುವ ಮೊದಲೇ ಅವರದೊಂದು ಕರಾರು: ‘ಹೂಂ ಅನಕೋತ ಕೇಳಬೇಕ ನೋಡ್ರಿ, ಇಲ್ಲಾಂದ್ರ ನಾ ಹೇಳಾಂಗಿಲ್ಲ.’ ಕತ್ತಲಲ್ಲಿ ಮಕ್ಕಳ ಮುಖ ಕಾಣುವುದಿಲ್ಲ. ಆದರೆ ಮಾತುಮಾತಿಗೆ ‘ಹೂಂ’ ಬರುತ್ತಿರುವವರೆಗೆ ಕಥೆ ಕೇಳುವ ಕಿವಿ ಇದೆ ಎಂದರ್ಥ. ಹೂಂಗುಟ್ಟುವ ಸದ್ದು ನಿಂತಿತೋ, ಕಥೆಯೂ ನಿಲ್ಲುತ್ತದೆ. ಅಜ್ಜಿ ಹೊದಿಕೆ ಸರಿಮಾಡುತ್ತಾಳೆ.

ಸರ್ವರುಗಳೂ ಈಗ ಇದನ್ನೇ ಮಾಡುತ್ತವೆ. ಇಂತಿಷ್ಟು ಹೊತ್ತಿಗೊಮ್ಮೆ ಒಂದು ಪುಟ್ಟ ಪೊಟ್ಟಣ ಕಳಿಸಿ, ಅದಕ್ಕೆ ಪುಟ್ಟದೊಂದು ಉತ್ತರ ಕೇಳುತ್ತವೆ. ಇಂಥ ಸಂಜ್ಞೆಗೆ ಕಂಪ್ಯೂಟರಿನವರು ಎದೆಬಡಿತ ಎಂದು ಹೆಸರಿಟ್ಟಿದ್ದಾರೆ. ವೆಬ್‌ಸಾಕೆಟ್ ಎಂಬ ವಿಧಾನವನ್ನು 2011ರ ಡಿಸೆಂಬರಿನಲ್ಲಿ ಮಾನಕವಾಗಿ ಪ್ರಕಟಿಸಿದಾಗ ಕೇಳುವ ಪೊಟ್ಟಣಕ್ಕೆ ‘ಪಿಂಗ್’ ಎಂದೂ ಉತ್ತರಕ್ಕೆ ‘ಪಾಂಗ್’ ಎಂದೂ ಹೆಸರು ಕೊಟ್ಟರು. ಟೇಬಲ್ ಟೆನಿಸ್ ಆಡುವವರಿಗೆ ಅರ್ಥ ಹೇಳಬೇಕಾಗಿಲ್ಲ.

ಎಷ್ಟು ಹೊತ್ತಿಗೊಮ್ಮೆ ಕೇಳಬೇಕು? ಇಲ್ಲಿ ಸ್ವಲ್ಪ ಗಣಿತ ಬೇಕು. 2023ರ ನವೆಂಬರ್ 19ರಂದು ನಡೆದ ವಿಶ್ವಕಪ್ ಕ್ರಿಕೆಟ್ ಫೈನಲ್ ಪಂದ್ಯವನ್ನು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಮೂಲಕ ಒಂದು ಹಂತದಲ್ಲಿ ಏಕಕಾಲಕ್ಕೆ 5.9 ಕೋಟಿ ಜನ ನೋಡಿದರು. ಅಷ್ಟು ಫೋನುಗಳು 10 ಸೆಕೆಂಡಿಗೊಮ್ಮೆ ‘ಹೂಂ’ ಎನ್ನುತ್ತವೆ ಎಂದಿಟ್ಟುಕೊಂಡರೆ ಸೆಕೆಂಡಿಗೆ 59 ಲಕ್ಷ ‘ಹೂಂ’ಗಳಾದವು! ಬೇಗಬೇಗ ಕೇಳಿದರೆ ಕೇಳುವುದೇ ಹೊರೆ, ಫೋನಿನ ಬ್ಯಾಟರಿಗೂ ಖರ್ಚು. ನಿಧಾನವಾಗಿ ಕೇಳಿದರೆ ಹೋದವರು ಹೋದದ್ದು ತಡವಾಗಿ ತಿಳಿಯುತ್ತದೆ. ಎರಡನ್ನೂ ತೂಗಿ ನೋಡಿ ಹೊತ್ತನ್ನು ನಿಗದಿ ಮಾಡಬೇಕು.

ಒಂದು ಸಲ ಉತ್ತರ ಬರಲಿಲ್ಲವೆಂದು ಹೆಸರು ಹೊಡೆದುಹಾಕಬಾರದು ಎಂಬುದು ಇನ್ನೊಂದು ಪಾಠ. ದಾರಿಯಲ್ಲಿ ಹತ್ತು ಪೊಟ್ಟಣಗಳಿಗೆ ಒಂದು ಕಳೆದುಹೋಗುತ್ತದೆ ಎನ್ನೋಣ. ಒಂದೇ ಸಲಕ್ಕೆ ತೀರ್ಪು ಕೊಟ್ಟರೆ ಹತ್ತರಲ್ಲಿ ಒಂದು ಸಲ ಅನ್ಯಾಯವಾಗುತ್ತದೆ. ಸತತ ಮೂರು ಸಲ ತಪ್ಪಿದ ಮೇಲೆ ತೀರ್ಪು ಕೊಟ್ಟರೆ ಹತ್ತನೆಯ ಒಂದರ ಘನ, ಅಂದರೆ ಸಾವಿರಕ್ಕೆ ಒಂದು. ಹತ್ತನೆಯ ಇಯತ್ತೆಯ ಸಂಭವನೀಯತೆಯ ಲೆಕ್ಕ ಇಲ್ಲಿ ಹೀಗೆ ಕೆಲಸಕ್ಕೆ ಬರುತ್ತದೆ. ಆದರೆ ಈ ಲೆಕ್ಕ, ಒಂದು ನಷ್ಟಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲದಿದ್ದರೆ ಮಾತ್ರ ಸರಿ. ಬಸ್ಸು ಗುಡ್ಡದ ಮರೆಗೆ ಸರಿದಾಗ ಒಂದು ಪೊಟ್ಟಣ ಕಳೆದರೆ ಅದರ ಹಿಂದಿನ ಐದೂ ಕಳೆಯುತ್ತವೆ. ಆದ್ದರಿಂದ ಲೆಕ್ಕವನ್ನು ನಂಬುವ ಮೊದಲು ದಾರಿಯನ್ನೂ ತಿಳಿದಿರಬೇಕು.

ಕಥೆ ಕೇಳುವ ಹುಡುಗರಲ್ಲಿ ಜಾಣರೂ ಇರುತ್ತಾರೆ. ನಿದ್ದೆ ಹತ್ತಿದರೂ ಬಾಯಿ ಮಾತ್ರ ‘ಹೂಂ’ ಎನ್ನುತ್ತಲೇ ಇರುತ್ತದೆ. ಕಂಪ್ಯೂಟರಿನಲ್ಲಿಯೂ ಇದು ನಡೆಯುತ್ತದೆ. ಪಾಠ ತೋರಿಸುವ ಆ್ಯಪ್ ಕೆಟ್ಟು ನಿಂತಿದ್ದರೂ ಅದರ ಕೆಳಗಿನ ಯಂತ್ರವ್ಯವಸ್ಥೆ ತನ್ನ ಪಾಡಿಗೆ ‘ಇದ್ದೇನೆ’ ಎಂದು ಉತ್ತರ ಕೊಡುತ್ತಿರಬಹುದು. ಇದಕ್ಕೂ ಅಜ್ಜಿಯ ಬಳಿ ಮದ್ದಿತ್ತು. ಸಂಶಯ ಬಂದಾಗ ಆಕೆ, ‘ಹಂಗಾದ್ರ ರಾಜಾನ ಮಗಾ ಯಾವ ಕಡೆ ಹ್ವಾದಾ, ಹೇಳ ನೋಡೂಣು?’ ಎಂದು ಕೇಳುತ್ತಿದ್ದಳು. ಎಚ್ಚರವಿದ್ದವನಷ್ಟೇ ಅದಕ್ಕೆ ಉತ್ತರ ಹೇಳಬಲ್ಲ. ಒಳ್ಳೆಯ ಎಂಜಿನಿಯರುಗಳೂ ಎದೆಬಡಿತದ ಪ್ರಶ್ನೆಯನ್ನು ತಳದ ವ್ಯವಸ್ಥೆಗೆ ಬಿಡದೆ ಆ್ಯಪನ್ನೇ ಕೇಳುತ್ತಾರೆ: ‘ಈಗ ಯಾವ ನಿಮಿಷದ ದೃಶ್ಯ ತೋರಿಸುತ್ತಿರುವೆ?’

ಸಿನಿಮಾ, ಪಾಠಗಳ ವಿಡಿಯೊ ಬರುವ ಬಗೆ ಇನ್ನೂ ಬೇರೆ. 2009ರಲ್ಲಿ ಆ್ಯಪಲ್ ಸಂಸ್ಥೆ ತಂದ ಒಂದು ವಿಧಾನದಲ್ಲಿ ವಿಡಿಯೊವನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಮಾಡಿ ಇಟ್ಟಿರುತ್ತಾರೆ. ಫೋನು ಒಂದೊಂದೇ ತುಂಡನ್ನು ಕೇಳಿ ಪಡೆಯುತ್ತದೆ. ಊಟಕ್ಕೆ ಕುಳಿತ ಮಗ ‘ಅವ್ವಾ, ಇನ್ನೊಂದ ರೊಟ್ಟಿ’ ಎಂದು ಕೇಳಿದಂತೆ. ಕೇಳುವುದು ನಿಂತರೆ ಎದ್ದಿರಬೇಕು ಎಂದು ತಾಯಿ ಊಹಿಸುತ್ತಾಳೆ. ಆದರೆ ತಾಟಿನಲ್ಲಿ ಇನ್ನೂ ಎರಡು ರೊಟ್ಟಿ ಉಳಿದಿದ್ದರೆ? ಫೋನು ಕೂಡ ಮುಂದಿನ ಕೆಲವು ತುಂಡುಗಳನ್ನು ಮೊದಲೇ ತಂದಿಟ್ಟುಕೊಂಡಿರುತ್ತದೆ. ಆದ್ದರಿಂದ ಇಲ್ಲಿಯೂ ಊಹೆಯೇ ಗತಿ.

ಊಹೆಯನ್ನು ಬಿಟ್ಟು ಖಚಿತವಾಗಿ ತಿಳಿಯುವ ದಾರಿ ಇಲ್ಲವೇ? ಇಲ್ಲ. ನಿಧಾನವಾದವನಿಗೂ ಇಲ್ಲವಾದವನಿಗೂ ದೂರದಿಂದ ವ್ಯತ್ಯಾಸ ಕಾಣುವುದಿಲ್ಲ. ಇಬ್ಬರಿಂದಲೂ ಬರುವುದು ಮೌನವೇ. ಉತ್ತರ ಬರಲು ಇಂತಿಷ್ಟೇ ಹೊತ್ತು ಎಂಬ ಮಿತಿಯಿಲ್ಲದ ಜಾಲದಲ್ಲಿ ಈ ತೊಡಕು ಎಷ್ಟು ಆಳವಾದದ್ದು ಎಂಬುದನ್ನು ಫಿಷರ್, ಲಿಂಚ್, ಪ್ಯಾಟರ್ಸನ್ ಎಂಬ ಮೂವರು 1985ರಲ್ಲಿ ಗಣಿತದಿಂದಲೇ ತೋರಿಸಿದರು. ಒಂದೇ ಒಂದು ಯಂತ್ರ ಕೆಡುವ ಸಂಭವವಿದ್ದರೂ, ಉಳಿದವು ಎಲ್ಲ ಸಂದರ್ಭಗಳಲ್ಲೂ ಒಮ್ಮತಕ್ಕೆ ಬಂದೇ ಬರುತ್ತವೆಂದು ಖಾತರಿ ಕೊಡುವ ನಿಶ್ಚಿತ ಕ್ರಮ ಅಂಥಲ್ಲಿ ಸಾಧ್ಯವಿಲ್ಲ. 1996ರಲ್ಲಿ ತುಷಾರ್ ಚಂದ್ರ ಮತ್ತು ಸ್ಯಾಮ್ ಟೂಯೆಗ್ ಈ ವಿಷಯದ ಮೇಲೆ ಬರೆದಾಗ ಬಳಸಿದ ಪದ ಗಮನಿಸುವಂಥದು. ಯಂತ್ರವೊಂದು ಸುಮ್ಮನಾದರೆ ಅವರ ಲೆಕ್ಕದಲ್ಲಿ ಅದು ‘ಸತ್ತಿದೆ’ ಎಂದಾಗುವುದಿಲ್ಲ, ‘ಶಂಕೆಗೆ ಒಳಗಾಗಿದೆ’ ಎಂದಾಗುತ್ತದೆ. ಮುಂದೆ ಅದು ಮಾತನಾಡಿದರೆ ಶಂಕೆಯನ್ನು ಹಿಂದೆಗೆದುಕೊಳ್ಳಬೇಕು. ವಿಜ್ಞಾನದ ವಿನಯ ಎಂದರೆ ಇದೇ.

2023ರ ಜುಲೈ 21ರಂದು ನಾಸಾದ ವಾಯೇಜರ್-2 ನೌಕೆಗೆ ಕಳಿಸಿದ ತಪ್ಪು ಆದೇಶದಿಂದ ಅದರ ಆಂಟೆನಾ ಭೂಮಿಯಿಂದ 2 ಡಿಗ್ರಿಯಷ್ಟು ಆಚೆ ತಿರುಗಿ ಸಂಪರ್ಕ ಕಡಿಯಿತು. ನೌಕೆ ಇದ್ದದ್ದು ಸುಮಾರು 1,990 ಕೋಟಿ ಕಿಲೋಮೀಟರ್ ದೂರದಲ್ಲಿ. ‘ಉತ್ತರವಿಲ್ಲ, ಆದ್ದರಿಂದ ಮುಗಿಯಿತು’ ಎಂದು ವಿಜ್ಞಾನಿಗಳು ವಹಿ ಮುಚ್ಚಲಿಲ್ಲ. ದೊಡ್ಡ ಆಂಟೆನಾಗಳನ್ನೆಲ್ಲ ಆ ದಿಕ್ಕಿಗೆ ತಿರುಗಿಸಿ ಕಿವಿಗೊಟ್ಟರು. ಮಾಹಿತಿ ಏನೂ ಇಲ್ಲದ, ಬರಿಯ ಎದೆಬಡಿತದಂಥ ಕ್ಷೀಣ ಅಲೆಯೊಂದು ಸಿಕ್ಕಿತು. ಆಮೇಲೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಿಂದ ಜೋರಾಗಿ ‘ಕೂಗಿ’ ಆದೇಶ ಕೊಟ್ಟರು. ಕೂಗು ಅಲ್ಲಿಗೆ ಮುಟ್ಟಲು 18.5 ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ. ಒಟ್ಟು 37 ಗಂಟೆ ಕಾದ ಮೇಲೆ, ಆಗಸ್ಟ್ 4ರಂದು, ವಾಯೇಜರ್ ಮತ್ತೆ ಮಾತನಾಡಿತು.

ಇಷ್ಟೆಲ್ಲ ಹೇಳಿದ್ದು ಯಂತ್ರದ ಸಲುವಾಗಿ ಮಾತ್ರವಲ್ಲ. ಮೌನದ ಅರ್ಥ ತಿಳಿಯದೆ ಜೀವ ಕೈಯಲ್ಲಿ ಹಿಡಿದು ಕೂರುವ ಸಂಕಟ ಈ ನೆಲಕ್ಕೆ ಹೊಸದಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿನ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು. ಅಂಥ ಹೊತ್ತಿನಲ್ಲಿ ತವರುಮನೆಯ ಫೋನು ಹತ್ತದಿದ್ದರೆ, ಬ್ಯಾಟರಿ ಮುಗಿದಿದೆಯೋ ಮನೆಯೇ ಮುಳುಗಿದೆಯೋ ಎಂದು ಹೇಳುವವರು ಯಾರು?

ಮರುವರ್ಷವೇ ಇನ್ನೊಂದು ಬಗೆಯ ಮೌನ ಬಂತು. 2020ರ ಮಾರ್ಚ್ 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್ ಆಗಿ ಶಾಲೆಗಳ ಬಾಗಿಲು ಮುಚ್ಚಿದವು. ಜುಲೈ ತಿಂಗಳಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಶುರುವಾದವು. ಟೀವಿಗೆ ಹೂಂಗುಟ್ಟುವವರ ಹಂಗಿಲ್ಲ. ನೋಡುವವರಿದ್ದರೂ ಇಲ್ಲದಿದ್ದರೂ ಅದು ಹೇಳುತ್ತಲೇ ಹೋಗುತ್ತದೆ. ಫೋನಿನಲ್ಲಿ ಪಾಠ ಮಾಡಿದ ಶಿಕ್ಷಕರಿಗೆ ಮಾತ್ರ ಪರದೆಯ ಮೇಲೆ ಹೆಸರುಗಳ ಸಾಲು ಕಾಣುತ್ತಿತ್ತು. ಕಿತ್ತೂರಿನಂಥ ಹೆದ್ದಾರಿಯ ಊರಿರಲಿ, ಸವದತ್ತಿಯ ಗುಡ್ಡಗಳ ಹಿಂದಿನ ಹಳ್ಳಿಯಿರಲಿ, ಮನೆಗೊಂದೇ ಫೋನು ಇದ್ದಲ್ಲಿ ತೊಂದರೆ ಒಂದೇ. ಪರದೆಯಲ್ಲಿ ಮಗಳ ಹೆಸರು ಹೊಳೆಯುತ್ತಿದೆ, ಎದೆಬಡಿತ ತಪ್ಪದೆ ಬರುತ್ತಿದೆ. ಸಂಶಯ ಬಂದ ಮಾಸ್ತರರು ‘ಏನವಾ, ಪಾಠ ತಿಳೀತೇನು?’ ಎಂದು ಕೇಳಿದರೆ ಉತ್ತರ ತಮ್ಮನದು: ‘ಅಕ್ಕ ಕಸಾ ತೆಗ್ಯಾಕ ಹೊಲಕ್ಕ ಹೋಗ್ಯಾಳ್ರಿ ಸರ್, ಫೋನ್ ನನ್ನ ಕಡೆ ಐತ್ರಿ.’ ಯಂತ್ರದ ಲೆಕ್ಕದಲ್ಲಿ ಆಕೆ ಹಾಜರು. ಇತ್ತ ನೆಟ್‌ವರ್ಕ್ ಹುಡುಕಿ ಮಾಳಿಗೆ ಹತ್ತಿ ಕುಳಿತ ಇನ್ನೊಬ್ಬ ಹುಡುಗ ಒಂದಕ್ಷರ ಬಿಡದೆ ಕೇಳಬೇಕೆಂದು ಒದ್ದಾಡುತ್ತಿದ್ದರೂ ಮೂರು ಪಿಂಗ್ ತಪ್ಪಿದ್ದಕ್ಕೆ ಗೈರುಹಾಜರು. ಫೋನು ಇದೆಯೋ ಇಲ್ಲವೋ ಎಂಬುದನ್ನು ಸರ್ವರು ಊಹಿಸಬಲ್ಲದು. ಮಗು ಇದೆಯೋ ಇಲ್ಲವೋ ಎಂಬುದನ್ನು ಊಹಿಸುವ ಕೆಲಸ ಅದರದಲ್ಲ.

ಆ ವರ್ಷದ ಆಗಸ್ಟಿನಲ್ಲಿ ‘ವಿದ್ಯಾಗಮ’ ಎಂಬ ಯೋಜನೆಯಡಿ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ, ಗುಡಿಯ ಕಟ್ಟೆ, ಸಮುದಾಯ ಭವನ, ಗಿಡದ ನೆರಳುಗಳಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೆ ಪರದೆಯ ಮೇಲೆ ತಿಳಿಯದ ಎಷ್ಟೋ ಸಂಗತಿಗಳು ಒಂದು ಭೇಟಿಯಲ್ಲಿ ತಿಳಿಯುತ್ತಿದ್ದವು: ಯಾರ ಮನೆಯಲ್ಲಿ ಫೋನಿಗೆ ರೀಚಾರ್ಜ್ ಇಲ್ಲ, ಯಾರು ಕೂಲಿಗೆ ಹೋಗತೊಡಗಿದ್ದಾರೆ, ಯಾರ ಮದುವೆಯ ಮಾತು ನಡೆದಿದೆ.

ಶಾಲೆಗೂ ಕಾಯುವ ಹೊತ್ತಿನ ಲೆಕ್ಕವೊಂದಿದೆ ಎಂಬುದು ಬಹಳ ಪಾಲಕರಿಗೆ ತಿಳಿದಿರಲಿಕ್ಕಿಲ್ಲ. ಮಗುವೊಂದು ಶಾಲೆಯಿಂದ ಹೊರಗುಳಿದಿದೆ ಎಂದು ಪರಿಗಣಿಸಲು ಕರ್ನಾಟಕದಲ್ಲಿ ಮೊದಲು ಸತತ 60 ದಿನಗಳ ಗೈರುಹಾಜರಿ ಬೇಕಾಗಿತ್ತು. ವಿಷಯ ಹೈಕೋರ್ಟಿನ ಮುಂದೆ ಬಂದ ಮೇಲೆ ಅದನ್ನು 7 ದಿನಕ್ಕೆ ಇಳಿಸಲಾಯಿತು. ಅರವತ್ತು ದಿನ ಕಾದರೆ ಅಷ್ಟರಲ್ಲಿ ಮಗು ಯಾವುದೋ ಊರಿನ ಇಟ್ಟಿಗೆ ಭಟ್ಟಿಯಲ್ಲೋ ಕಬ್ಬು ಕಡಿಯುವವರ ಗುಂಪಿನಲ್ಲೋ ಸೇರಿಹೋಗಿರುತ್ತದೆ. ಏಳು ದಿನಕ್ಕೆ ಎಚ್ಚತ್ತರೆ ಹೆಜ್ಜೆಯ ಗುರುತು ಇನ್ನೂ ಹಸಿಯಾಗಿರುತ್ತದೆ.

ಸರ್ವರಿಗೂ ಶಾಲೆಗೂ ಇರುವ ದೊಡ್ಡ ಭೇದ ಇಲ್ಲಿದೆ. ಹೊತ್ತು ಮೀರಿದ ಮೇಲೆ ಸರ್ವರು ಹೆಸರನ್ನು ಅಳಿಸಿ ತನ್ನ ಜಾಗ ತೆರವು ಮಾಡಿಕೊಳ್ಳುತ್ತದೆ. ಅದರ ಕೆಲಸ ಅಲ್ಲಿಗೆ ಮುಗಿಯಿತು. ಶಾಲೆಯ ಕೆಲಸ ಶುರುವಾಗುವುದೇ ಆಗ. ಶಂಕೆ ಬಂದೊಡನೆ ಯಾರಾದರೂ ಎದ್ದು ಆ ಮನೆಯ ಬಾಗಿಲಿಗೆ ಹೋಗಬೇಕು.

ಕಂಪ್ಯೂಟರ್ ವಿಜ್ಞಾನ ಓದುವ ಮಕ್ಕಳು ಮುಂದೆ ಇಂಥ ಆ್ಯಪ್‌ಗಳನ್ನು ಬರೆಯುವವರಾಗುತ್ತಾರೆ. ಹಾಜರಿಗೆಂದು ಒಂದು ಕಾಲಂ ಇಡುವಾಗ ‘ಇದ್ದಾರೆ’, ‘ಇಲ್ಲ’ ಎಂಬ ಎರಡರ ಜೊತೆಗೆ ‘ವಿಚಾರಿಸಬೇಕು’ ಎಂಬ ಮೂರನೆಯದನ್ನೂ ಅವರು ಇಡಲಿ. ಪಾಲಕರದು ಇನ್ನೂ ಸಣ್ಣ ಕೆಲಸ. ಮಗುವಿಗೆ ಜ್ವರ ಬಂದಿದ್ದರೆ, ಊರಿಗೆ ಹೋಗಬೇಕಾಗಿದ್ದರೆ, ಫೀಸಿನ ಅಡಚಣೆಯಿದ್ದರೂ ಸರಿಯೇ, ಸಂಕೋಚಪಡದೆ ಶಾಲೆಗೆ ಒಂದು ಮಾತು ಮುಟ್ಟಿಸಿದರೆ ಸಾಕು. ಮಗುವಿನ ಹೆಸರಿನ ಮುಂದೆ ಏನೂ ಬರೆಯದೆ ಕುಳಿತ ಮಾಸ್ತರರು ಆ ಒಂದು ಮಾತಿಗಾಗಿಯೇ ಕಾಯುತ್ತಿರುತ್ತಾರೆ.